ಸೆಮಿ ಆಟೋಮ್ಯಾಟಿಕ್ ಕೋವಿ: ವಿಡಿಯೊದಲ್ಲಿ ಕಾಣುವುದೇನು, ಬೆಳೆ ರಕ್ಷಣೆ ಲೈಸೆನ್ಸ್‌ನಲ್ಲಿ ಸಿಗುವುದೇನು?

ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಶಿಕಾರಿಪುರದ ಹೊಲಗಳಿಗೆ ಹಂದಿ ನುಗ್ಗುತ್ತವೆ. ಸೊರಬದ ಅನಾನಸ್ ಮತ್ತು ಅಡಿಕೆ ತೋಟಗಳಲ್ಲಿ ಮಂಗನ ಕಾಟ ತಪ್ಪಿದ್ದಲ್ಲ. ಹಾಗಾಗಿ ಈ ಭಾಗದ ಹಳ್ಳಿಗಳಿಗೆ ಬೆಳೆ ರಕ್ಷಣೆಯ ಕೋವಿ ಹೊಸದೇನಲ್ಲ. ಹೊಸದಾಗಿ ಸೇರಿಕೊಂಡಿರುವುದು ಮೊಬೈಲಿನ ವಿಡಿಯೊಗಳು. ವಿದೇಶದ ಯಾವುದೋ ಬಯಲಿನಲ್ಲಿ ಒಬ್ಬ ನಿಂತು ಆಕಾಶಕ್ಕೆ ಹಾರುವ ಕಿತ್ತಳೆ ಬಣ್ಣದ ಬಿಲ್ಲೆಗಳನ್ನು ಢಂ ಢಂ ಎಂದು ಸಾಲಾಗಿ ಒಡೆಯುತ್ತಾನೆ. ಕೆಳಗೆ ‘ಪಾರಿವಾಳ ಶೂಟಿಂಗ್‌ಗೆ ಬೆಸ್ಟ್ ಸೆಮಿ ಆಟೋಮ್ಯಾಟಿಕ್ ಗನ್’ ಎಂಬ ಸಾಲು. ಗ್ರೂಪ್‌ನಿಂದ ಗ್ರೂಪ್‌ಗೆ ದಾಟುವಾಗ ಅದಕ್ಕೆ ‘ನಮ್ಮ ಲೈಸೆನ್ಸ್‌ಗೂ ಸಿಗುತ್ತೆ’, ‘ಹಂದಿಗೆ ಇದೇ ಸರಿ’ ಎಂಬ ಮಾತುಗಳೂ ಅಂಟಿಕೊಳ್ಳುತ್ತವೆ.

ಇದನ್ನು ನಂಬಿದರೆ ಆಗುವ ನಷ್ಟ ಬರೀ ದುಡ್ಡಿನದಲ್ಲ. ಇರುವ ಲೈಸೆನ್ಸ್ ಹೋಗಬಹುದು, ಕೇಸು ಬೀಳಬಹುದು, ಕೈಯೇ ಹೋಗಬಹುದು. ಹಾಗಾಗಿ ಒಂದೊಂದಾಗಿ ನೋಡೋಣ.

ವಿಡಿಯೊದಲ್ಲಿರುವ ‘ಪಾರಿವಾಳ’ ಹಕ್ಕಿಯೇ?

ಅಲ್ಲ. ಅದಕ್ಕೆ ‘ಕ್ಲೇ ಪಿಜನ್’, ಅಂದರೆ ಮಣ್ಣಿನ ಪಾರಿವಾಳ ಎಂಬ ಹೆಸರಿದೆ. ಈಗ ಅದು ಮಣ್ಣಿನದ್ದೂ ಅಲ್ಲ. ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟನ್ನು ಸೇರಿಸಿ ಅಚ್ಚು ಹಾಕಿದ ಬಿಲ್ಲೆ. ಅಗಲ 110 ಮಿ.ಮೀ., ತೂಕ ಸುಮಾರು 105 ಗ್ರಾಂ. ಸ್ಪ್ರಿಂಗ್ ಯಂತ್ರ ಅದನ್ನು ಗಾಳಿಗೆ ಎಸೆಯುತ್ತದೆ.

ಹೆಸರಿನ ಹಿಂದೆ ಒಂದು ಕಥೆ ಇದೆ. ಹಿಂದೆ ಯುರೋಪಿನಲ್ಲಿ ನಿಜವಾದ ಪಾರಿವಾಳಗಳನ್ನೇ ಪೆಟ್ಟಿಗೆಯಿಂದ ಬಿಟ್ಟು ಹೊಡೆಯುವ ಪಂದ್ಯಗಳಿದ್ದವು. ಆ ಪೆಟ್ಟಿಗೆಯ ಹೆಸರೇ ‘ಟ್ರ್ಯಾಪ್’. ಇಂದಿನ ಒಲಿಂಪಿಕ್ಸ್‌ನ ಟ್ರ್ಯಾಪ್ ಸ್ಪರ್ಧೆಗೆ ಆ ಹೆಸರು ಬಂದದ್ದು ಅಲ್ಲಿಂದ. 1880ರಲ್ಲಿ ಅಮೆರಿಕದ ಜಾರ್ಜ್ ಲಿಗೋವ್‌ಸ್ಕಿ ಮಣ್ಣಿನ ಬಿಲ್ಲೆಗೆ ಪೇಟೆಂಟ್ ಪಡೆದ. ಆದರೂ 1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಜೀವಂತ ಪಾರಿವಾಳಗಳನ್ನು ಹೊಡೆಯುವ ಸ್ಪರ್ಧೆ ನಡೆದು ಸುಮಾರು 300 ಹಕ್ಕಿಗಳು ಸತ್ತವು. ಒಲಿಂಪಿಕ್ಸ್‌ನಲ್ಲಿ ಮತ್ತೆಂದೂ ಅದು ನಡೆಯಲಿಲ್ಲ.

ನಮ್ಮಲ್ಲಿ ಕಾನೂನು ಸ್ಪಷ್ಟವಾಗಿದೆ. ಸೆರೆಯಲ್ಲಿಟ್ಟ ಪ್ರಾಣಿ ಪಕ್ಷಿಗಳನ್ನು ಬಿಟ್ಟು ಹೊಡೆಯುವ ಪಂದ್ಯ ನಡೆಸುವುದು, ಅದರಲ್ಲಿ ಭಾಗವಹಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಅಪರಾಧ. ಕಾಡುಪ್ರಾಣಿಗಳನ್ನು ಮೋಜಿಗಾಗಿ ಬೇಟೆಯಾಡಲು ಹಿಂದೆ ಕೊಡುತ್ತಿದ್ದ ಪರವಾನಗಿಗಳೂ 1991ರ ತಿದ್ದುಪಡಿಯಲ್ಲಿ ರದ್ದಾದವು. ಹಾಗಾಗಿ ‘ಪಾರಿವಾಳ ಶೂಟಿಂಗ್’ ಎಂಬ ಮಾತಿಗೆ ನಮ್ಮ ದೇಶದಲ್ಲಿ ಇರುವುದು ಒಂದೇ ಅರ್ಥ: ಶೂಟಿಂಗ್ ರೇಂಜ್‌ನಲ್ಲಿ ಬಿಲ್ಲೆ ಒಡೆಯುವ ಕ್ರೀಡೆ.

ಸೆಮಿ ಆಟೋಮ್ಯಾಟಿಕ್ ಎಂದರೆ ಒತ್ತಿ ಹಿಡಿದರೆ ಸುರಿಯುವ ಬಂದೂಕೇ?

ಇದೂ ತಪ್ಪು ತಿಳಿವಳಿಕೆ. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರುತ್ತಿದ್ದರೆ ಅದು ಪೂರ್ತಿ ಆಟೋಮ್ಯಾಟಿಕ್. ಸೆಮಿ ಆಟೋಮ್ಯಾಟಿಕ್‌ನಲ್ಲಿ ಒಂದು ಸಲ ಒತ್ತಿದರೆ ಒಂದೇ ಈಡು. ಆದರೆ ಸುಟ್ಟ ತೋಟಾವನ್ನು ಹೊರಗೆಸೆದು ಮುಂದಿನ ತೋಟಾವನ್ನು ನಳಿಗೆಗೆ ತಳ್ಳುವ ಕೆಲಸವನ್ನು ಕೋವಿ ತಾನೇ ಮಾಡಿಕೊಳ್ಳುತ್ತದೆ.

ಅದಕ್ಕೆ ಬೇಕಾದ ಶಕ್ತಿ ಬರುವುದು ತೋಟಾದಿಂದಲೇ. ಇದರಲ್ಲಿ ಮೂರು ಬಗೆ ಇವೆ.

ಮೊದಲನೆಯದು, ಈಡಿನ ಹಿನ್ನೂಕಿಗೆ ನಳಿಗೆಯೇ ಹಿಂದೆ ಸರಿದು ಬರುವುದು. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ‘ಆಟೋ-5’ ಈ ಬಗೆಯದು. ಬೆಲ್ಜಿಯಂನಲ್ಲಿ 1902ರಿಂದ ತಯಾರಾದ ಇದು ಗೆದ್ದ ಮೊದಲ ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್.

ಎರಡನೆಯದು ಗ್ಯಾಸ್ ಬಗೆ. ನಳಿಗೆಯಲ್ಲಿ ಸಣ್ಣ ರಂಧ್ರಗಳಿದ್ದು, ಮದ್ದು ಉರಿದಾಗ ಬರುವ ಅನಿಲದಲ್ಲಿ ಸ್ವಲ್ಪ ಅಲ್ಲಿಂದ ಹೊರಟು ಪಿಸ್ಟನ್ ತಳ್ಳುತ್ತದೆ. ರೆಮಿಂಗ್ಟನ್ 1100, ಬೆರೆಟ್ಟಾ ಎ400 ಮುಂತಾದವು ಹೀಗೆ ಕೆಲಸ ಮಾಡುತ್ತವೆ. ಭುಜಕ್ಕೆ ಬೀಳುವ ಪೆಟ್ಟು ಕಡಿಮೆ. ಆದರೆ ಮಸಿ ಕಟ್ಟಿಕೊಳ್ಳುವುದರಿಂದ ಪದೇ ಪದೇ ಬಿಚ್ಚಿ ಒರೆಸಬೇಕು.

ಮೂರನೆಯದು ಜಡತ್ವದ ಬಗೆ. ಇಟಲಿಯ ಬೆನೆಲ್ಲಿ ಕೋವಿಗಳು ಇದಕ್ಕೆ ಹೆಸರುವಾಸಿ. ಕೋವಿ ಹಿಂದಕ್ಕೆ ಒದೆಯುವಾಗ ಒಳಗಿನ ಭಾರದ ತುಂಡು ಇದ್ದಲ್ಲೇ ಉಳಿಯಲು ನೋಡುತ್ತದೆ. ಬಸ್ಸು ಥಟ್ಟನೆ ಮುಂದೆ ಹೋದಾಗ ನಿಂತವರು ಹಿಂದಕ್ಕೆ ವಾಲುವ ಹಾಗೆ. ಆಗ ಒತ್ತಿಕೊಂಡ ಸ್ಪ್ರಿಂಗ್ ಬಿಚ್ಚಿಕೊಂಡು ತೋಟಾ ಬದಲಿಸುತ್ತದೆ. ಇದರಲ್ಲಿ ಮಸಿ ಕಡಿಮೆ. ಆದರೆ ಹಗುರ ತೋಟಾ ಹಾಕಿದರೆ ಬೇಕಾದಷ್ಟು ಒದೆತ ಸಿಗದೆ ಸಿಕ್ಕಿಹಾಕಿಕೊಳ್ಳುವುದುಂಟು.

ಇಲ್ಲಿಂದ ತಿಳಿಯುವ ಮುಖ್ಯ ಮಾತು: ಸೆಮಿ ಆಟೋಮ್ಯಾಟಿಕ್ ಕೋವಿಯ ನಂಬಿಕೆ ಅದರ ಬ್ರ್ಯಾಂಡ್ ಮೇಲಷ್ಟೇ ನಿಂತಿಲ್ಲ. ಹಾಕುವ ತೋಟಾ, ಮಾಡುವ ಶುಚಿ ಎರಡೂ ಹೊಂದಬೇಕು. ಮಲೆನಾಡಿನ ಮಳೆಗಾಲದ ಥಂಡಿಯಲ್ಲಿ ಇಟ್ಟಲ್ಲೇ ಇಟ್ಟರೆ ಚಲಿಸುವ ಭಾಗ ಹೆಚ್ಚಿರುವ ಯಂತ್ರಕ್ಕೇ ಮೊದಲು ತುಕ್ಕಿನ ತೊಂದರೆ.

ಪದಕ ಗೆಲ್ಲುವವರು ಇದನ್ನೇ ಬಳಸುತ್ತಾರೆಯೇ?

ಅಂತರರಾಷ್ಟ್ರೀಯ ಶೂಟಿಂಗ್ ನಿಯಮದಲ್ಲಿ 12 ಬೋರ್‌ವರೆಗಿನ ಸೆಮಿ ಆಟೋಮ್ಯಾಟಿಕ್‌ಗೆ ಅವಕಾಶ ಇದೆ. ಪಂಪ್ ಆ್ಯಕ್ಷನ್‌ಗೆ ಇಲ್ಲ. ಆದರೂ ದೊಡ್ಡ ಸ್ಪರ್ಧೆಗಳಲ್ಲಿ ನೀವು ನೋಡುವುದು ಬಹುತೇಕ ಒಂದೇ ಬಗೆ: ಒಂದರ ಮೇಲೊಂದು ನಳಿಗೆ ಇರುವ ಜೋಡಿನಳಿಗೆ ಕೋವಿ.

ಕಾರಣ ಸರಳ. ಟ್ರ್ಯಾಪ್‌ನಲ್ಲಿ ಒಂದು ಬಿಲ್ಲೆಗೆ ಹೆಚ್ಚೆಂದರೆ ಎರಡು ಈಡು. ಸ್ಕೀಟ್‌ನಲ್ಲಿ ಒಂದು ಬಿಲ್ಲೆಗೆ ಒಂದೇ. ಹಾಗಾಗಿ ಮೂರನೆಯ ತೋಟಾಕ್ಕೆ ಕೆಲಸವೇ ಇಲ್ಲ. ಜೋಡಿನಳಿಗೆಯಲ್ಲಿ ಎರಡನೆಯ ಈಡಿಗೆ ಯಾವ ಯಂತ್ರವೂ ತಿರುಗಬೇಕಿಲ್ಲ. ಎರಡು ನಳಿಗೆಗೆ ಬೇರೆ ಬೇರೆ ‘ಚೋಕ್’, ಅಂದರೆ ಚರೆ ಹರಡುವುದನ್ನು ಹಿಡಿದಿಡುವ ಬಾಯಿಯ ಬಿಗುವು, ಇಟ್ಟುಕೊಳ್ಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಕೋವಿಯನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡರೆ ತೋಟಾ ಇಲ್ಲವೆಂದು ದೂರದಲ್ಲಿ ನಿಂತವರಿಗೂ ಕಾಣುತ್ತದೆ.

ಡಾ. ಕರ್ಣಿ ಸಿಂಗ್ 1962ರ ಕೈರೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ತಂದದ್ದು, ಮಾನವಜಿತ್ ಸಿಂಗ್ ಸಂಧು 2006ರಲ್ಲಿ ವಿಶ್ವ ಚಾಂಪಿಯನ್ ಆದದ್ದು ಟ್ರ್ಯಾಪ್‌ನಲ್ಲಿ. ರಾಜ್ಯವರ್ಧನ್ ಸಿಂಗ್ ರಾಥೋಡ್ 2004ರ ಅಥೆನ್ಸ್‌ನಲ್ಲಿ ಬೆಳ್ಳಿ ಗೆದ್ದ ಡಬಲ್ ಟ್ರ್ಯಾಪ್‌ನಲ್ಲಿ ಒಟ್ಟಿಗೆ ಎರಡು ಬಿಲ್ಲೆ ಹಾರುತ್ತಿದ್ದವು. ಅಲ್ಲಿಗೂ ಎರಡು ನಳಿಗೆ ಸಾಕು.

ಬೆಳೆ ರಕ್ಷಣೆ ಲೈಸೆನ್ಸ್‌ನಲ್ಲಿ ಸೆಮಿ ಆಟೋಮ್ಯಾಟಿಕ್ ಕೊಳ್ಳಬಹುದೇ?

ಇಲ್ಲ. ಫಾರ್ವರ್ಡ್‌ಗಳು ಬಿಟ್ಟುಬಿಡುವ ಮುಖ್ಯ ಸಂಗತಿ ಇದೇ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಯ ಬಗ್ಗೆ ನೇರವಾಗಿಯೇ ಹೇಳುತ್ತದೆ. ಅದರ ಪ್ರಕಾರ ಬೆಳೆ ಕಾಯಲು ಮೊದಲು ಕೊಡುವುದು ಬಾಯಿಯಿಂದ ಮದ್ದು ತುಂಬುವ ಕೋವಿಯ ಲೈಸೆನ್ಸ್, ಅಂದರೆ ನಮ್ಮ ಕಡೆಯ ಕೇಪಿನ ಕೋವಿ. ಅದು ಸಾಲದು ಎಂದು ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ, 20 ಇಂಚಿಗಿಂತ ಕಡಿಮೆಯಿಲ್ಲದ ನಳಿಗೆಯ ಬೇರೆ ನಯನಳಿಗೆ ಕೋವಿಗೆ, ಅಂದರೆ ಒಂಟಿನಳಿಗೆ ಅಥವಾ ಜೋಡಿನಳಿಗೆಯ ತೋಟಾ ಕೋವಿಗೆ, ಅನುಮತಿ ಕೊಡಬಹುದು.

2016ರ ಶಸ್ತ್ರಾಸ್ತ್ರ ನಿಯಮಗಳ ಮೊದಲ ಪಟ್ಟಿಯಲ್ಲಿ ಸಾಮಾನ್ಯ ತೋಟಾ ಕೋವಿ ಮೂರನೆಯ ವರ್ಗದಲ್ಲಿದೆ. ಸೆಮಿ ಆಟೋಮ್ಯಾಟಿಕ್ ಬಂದೂಕು ಇರುವುದು ಒಂದನೆಯ ವರ್ಗದಲ್ಲಿ, ನಿರ್ಬಂಧಿತ ಆಯುಧಗಳ ಜೊತೆ. ಅದಕ್ಕೆ ಕೇಂದ್ರ ಗೃಹ ಸಚಿವಾಲಯದ ಮಟ್ಟದ ಅನುಮತಿ ಬೇಕು. ಶಿವಮೊಗ್ಗದ ಜಿಲ್ಲಾಧಿಕಾರಿ ಕೊಡುವ ಬೆಳೆ ರಕ್ಷಣೆಯ ಲೈಸೆನ್ಸ್ ಅದಕ್ಕೆ ನಡೆಯುವುದಿಲ್ಲ. ಕ್ರೀಡಾ ಶೂಟರ್‌ಗಳಿಗೆ ಕೆಲವು ರಿಯಾಯಿತಿಗಳಿವೆ. ಆದರೆ ಅವು ಸ್ಪರ್ಧೆಯ ಸಾಧನೆ ಮತ್ತು ಮಾನ್ಯತೆ ಪಡೆದ ಸಂಘಗಳ ದಾಖಲೆ ಇದ್ದವರಿಗೆ. ವಿದೇಶಿ ಕೋವಿಯ ಆಮದಂತೂ 1980ರ ದಶಕದ ಮಧ್ಯದಿಂದ ಸಾಮಾನ್ಯ ಜನರಿಗೆ ಮುಚ್ಚಿದ ಬಾಗಿಲು.

ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಅದೇ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು, ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು. ಮದುವೆ, ಮೆರವಣಿಗೆಯಲ್ಲಿ ಖುಷಿಗೆ ಗಾಳಿಗೆ ಹೊಡೆದು ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

‘ಕೊಡಗಿನಲ್ಲಿ ಲೈಸೆನ್ಸೇ ಬೇಡ, ಮಲೆನಾಡಿಗೂ ಅದೇ ನಿಯಮ’ ಎಂಬ ಮಾತೂ ಕೇಳಿಬರುತ್ತದೆ. ಅರ್ಧ ನಿಜ, ಅರ್ಧ ಸುಳ್ಳು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಭೂಮಿ ಹಿಡುವಳಿದಾರರಿಗೆ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು. ಆ ವಿನಾಯಿತಿ ಸೊರಬ, ಶಿಕಾರಿಪುರದ ರೈತರಿಗೆ ಅನ್ವಯಿಸುವುದಿಲ್ಲ.

ಕೋವಿ ಲೈಸೆನ್ಸ್ ಇದ್ದರೆ ಹಂದಿ ಹೊಡೆಯಬಹುದೇ?

ಕೋವಿ ಇಟ್ಟುಕೊಳ್ಳುವ ಅನುಮತಿ ಒಂದು, ಪ್ರಾಣಿ ಕೊಲ್ಲುವ ಅನುಮತಿ ಇನ್ನೊಂದು. ಮೊದಲನೆಯದು ಶಸ್ತ್ರಾಸ್ತ್ರ ಕಾಯ್ದೆಯದು, ಎರಡನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯದು. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಬರುವುದಿಲ್ಲ.

2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ನವಿಲು ಒಂದನೆಯದರಲ್ಲಿದೆ. ಎರಡನೆಯ ಅನುಸೂಚಿಯ ಪ್ರಾಣಿ ನಿಂತ ಬೆಳೆಗೆ ಹಾನಿ ಮಾಡುತ್ತಿದ್ದರೆ, 11ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು, ಲಿಖಿತ ಆದೇಶದಲ್ಲಿ ಅನುಮತಿ ಕೊಡಬಹುದು. ನವಿಲಿಗೆ ಬೆಳೆ ಹಾನಿಯ ಕಾರಣ ನಡೆಯುವುದಿಲ್ಲ. ಮೇಲೆರಗಿದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ. ಆದರೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಮಾಂಸ ಹಂಚಿಕೊಂಡರೆ ಅದೇ ಕೇಸಿಗೆ ದಾರಿ.

‘ಕೇಂದ್ರ ಸರ್ಕಾರ ಹಂದಿ, ಮಂಗ ಹೊಡೆಯಲು ಅನುಮತಿ ಕೊಟ್ಟಿದೆ’ ಎಂಬ ಸಂದೇಶಕ್ಕೂ ಒಂದು ಮೂಲ ಇದೆ. 2015-16ರಲ್ಲಿ ಬಿಹಾರದ ಕೆಲ ಜಿಲ್ಲೆಗಳಲ್ಲಿ ನೀಲಗಾಯ್ ಮತ್ತು ಕಾಡುಹಂದಿ, ಉತ್ತರಾಖಂಡದಲ್ಲಿ ಕಾಡುಹಂದಿ, ಹಿಮಾಚಲದಲ್ಲಿ ರೀಸಸ್ ಮಂಗಗಳನ್ನು ಪೀಡಕ ಪ್ರಾಣಿ ಎಂದು ಘೋಷಿಸಲಾಗಿತ್ತು. ಅದು ಆ ಜಾಗಗಳಿಗೆ, ನಿಗದಿತ ಅವಧಿಗೆ ಮಾತ್ರ. ನಮ್ಮ ಮಂಗದ ಜಾತಿಯೂ ಬೇರೆ.

ಹಾಗಾದರೆ ನಂಬಬಹುದಾದ ಕೋವಿ ಯಾವುದು?

ನಮ್ಮ ಉತ್ತರ: ನಿಮ್ಮ ಲೈಸೆನ್ಸ್‌ನಲ್ಲಿ ಬರೆದಿರುವ, ಸರಿಯಾದ ತೋಟಾ ಸಿಗುವ, ವರ್ಷಕ್ಕೊಮ್ಮೆ ಪರಿಣತರು ನೋಡಿದ ಸರಳ ಕೋವಿ. ಅಪಘಾತಗಳ ಹಿಂದೆ ಸಾಮಾನ್ಯವಾಗಿ ಇರುವುದು ಹಳೆಯ ತಪ್ಪು ನಂಬಿಕೆಗಳು. ಅವುಗಳಲ್ಲಿ ನಾಲ್ಕನ್ನು ನೋಡೋಣ.

‘ತೋಟಾ ಒಳಗೆ ಹೋದರೆ ಸಾಕು, ಅದು ಸರಿಯಾದದ್ದೇ.’ ಇದು ಅಪಾಯದ ಮಾತು. 12 ಬೋರ್ ತೋಟಾ 65, 70, 76 ಮಿ.ಮೀ. ಉದ್ದಗಳಲ್ಲಿ ಬರುತ್ತದೆ. ಡಬ್ಬಿಯ ಮೇಲೆ ಬರೆದ ಉದ್ದ ಸುಟ್ಟ ಮೇಲಿನದು, ಬಾಯಿಯ ಮಡಿಕೆ ಬಿಚ್ಚಿಕೊಂಡ ನಂತರದ್ದು. ಹಾಗಾಗಿ 70ರ ತೋಟಾ ಅಜ್ಜನ ಕಾಲದ 65ರ ಕೋವಿಗೂ ಸಲೀಸಾಗಿ ಹೋಗುತ್ತದೆ. ಹೊಡೆದಾಗ ಮಡಿಕೆ ಬಿಚ್ಚಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಹಳೆಯ ಕೋವಿ ಅದನ್ನು ತಡೆಯದಿರಬಹುದು. ನಳಿಗೆಯ ಬುಡದಲ್ಲಿ ಕೊರೆದಿರುವ ಅಳತೆ ನೋಡಿಯೇ ತೋಟಾ ಕೊಳ್ಳಿ. ಅಳತೆ ಕಾಣದಿದ್ದರೆ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲಿ ಅಳೆಸಿ.

‘ಬೋರ್ ದೊಡ್ಡ ಸಂಖ್ಯೆ ಆದಷ್ಟೂ ಕೋವಿ ದೊಡ್ಡದು.’ ಉಲ್ಟಾ. ಒಂದು ಪೌಂಡ್ ಸೀಸವನ್ನು ಸಮನಾದ 12 ಗುಂಡು ಮಾಡಿದರೆ ಒಂದು ಗುಂಡಿನ ಅಗಲ ಸುಮಾರು 18.5 ಮಿ.ಮೀ. ಅದು 12 ಬೋರ್. 20 ಗುಂಡು ಮಾಡಿದರೆ ಸುಮಾರು 15.6 ಮಿ.ಮೀ. ಅದು 20 ಬೋರ್. ಚಿಕ್ಕದಾದ 20ರ ತೋಟಾ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳಬಹುದು. ನಳಿಗೆ ಖಾಲಿ ಎಂದುಕೊಂಡು ಹಿಂದಿನಿಂದ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ.

‘ಮೂಲೆಯಲ್ಲಿ ಒರಗಿಸಿಟ್ಟ ಕೋವಿಗೆ ಏನಾಗುತ್ತದೆ?’ ಕಣಜ ನಳಿಗೆಯಲ್ಲಿ ಮಣ್ಣಿನ ಗೂಡು ಕಟ್ಟಬಹುದು. ಗದ್ದೆಯಲ್ಲಿ ಜಾರಿದಾಗ ಬಾಯಿಗೆ ಕೆಸರು ಹೋಗಬಹುದು. ನಳಿಗೆಯಲ್ಲಿ ಅಡ್ಡ ಇರುವ ಚಿಕ್ಕ ಮಣ್ಣುಂಡೆಯೂ ಅದನ್ನು ಉಬ್ಬಿಸಿ ಸೀಳಲು ಸಾಕು. ತೋಟಾ ಹಾಕುವ ಮುನ್ನ ಪ್ರತಿ ಸಲ ನಳಿಗೆಯ ಮೂಲಕ ಬೆಳಕು ಕಾಣುತ್ತದೆಯೇ ನೋಡಿ. ಮಳೆಗಾಲದಲ್ಲಿ ಕಾಗದದ ತೋಟಾ ತೇವ ಹೀರಿ ಊದಿಕೊಳ್ಳುತ್ತದೆ. ಒತ್ತಿ ತುರುಕಬೇಡಿ. ಟ್ರಿಗರ್ ಒತ್ತಿಯೂ ಹಾರದಿದ್ದರೆ ಕೂಡಲೇ ತೆರೆಯಬೇಡಿ. ಬಾಯಿಯನ್ನು ಜನರಿಲ್ಲದ ಕಡೆ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ಕೆಲವು ಸಲ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ.

‘ಚರೆ ದೂರ ಹೋಗಲ್ಲ, ಹೆದರಿಸಲು ಹೊಡೆದರೆ ಏನೂ ಆಗಲ್ಲ.’ ಬಿಲ್ಲೆ ಒಡೆಯುವ 2.4 ಮಿ.ಮೀ. ಚರೆ ಗುರಿ ಮುಟ್ಟುವುದು ಸುಮಾರು 40 ಮೀಟರ್‌ವರೆಗೆ. ಆದರೆ ಹಾರಿಹೋಗುವುದು ಸುಮಾರು 200 ಮೀಟರ್. ಹಂದಿಗೆಂದು ಹಾಕುವ 8 ಮಿ.ಮೀ. ಆಸುಪಾಸಿನ ದಪ್ಪ ಚರೆ 600 ಮೀಟರ್‌ಗೂ ಮೀರಿ ಹೋಗಬಲ್ಲದು. ಕತ್ತಲಲ್ಲಿ ಆ ದೂರದೊಳಗೆ ಪಕ್ಕದವರ ಅಟ್ಟಣೆ, ಮನೆ, ರಸ್ತೆ ಎಲ್ಲವೂ ಬರುತ್ತವೆ. ‘ಪೊದೆ ಅಲುಗಿತು, ಹೊಡೆದೆ’ ಎಂಬಲ್ಲಿ ಹಂದಿಯ ಬದಲು ಮನುಷ್ಯ ಸತ್ತ ಸುದ್ದಿಗಳನ್ನು ಮಲೆನಾಡಿನ ಓದುಗರಿಗೆ ನಾವು ನೆನಪಿಸಬೇಕಿಲ್ಲ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಒಂದು ಈಡು ಹಾರಿದ ಕೂಡಲೇ ಇನ್ನೊಂದು ತೋಟಾ ತಾನಾಗಿಯೇ ಸಿದ್ಧವಾಗಿರುತ್ತದೆ.

ಕೆರೆಯ ಹಕ್ಕಿಗೂ ಚರೆಗೂ ಏನು ಸಂಬಂಧ?

ಸಾಮಾನ್ಯ ಚರೆ ಸೀಸದ್ದು. ಹೊಡೆದ ಒಂದೇ ತೋಟಾದಿಂದ ನೂರಾರು ಸೀಸದ ಕಾಳು ನೆಲಕ್ಕೆ ಬೀಳುತ್ತವೆ. ನೀರುಹಕ್ಕಿಗಳು ಆಹಾರ ಅರೆಯಲೆಂದು ಸಣ್ಣ ಕಲ್ಲು ನುಂಗುವಾಗ ಇದನ್ನೂ ನುಂಗಿ ವಿಷವೇರಿ ಸಾಯುತ್ತವೆ. ಈ ಕಾರಣಕ್ಕೇ ಯುರೋಪಿಯನ್ ಒಕ್ಕೂಟ 2023ರ ಫೆಬ್ರುವರಿಯಿಂದ ಜೌಗು ಪ್ರದೇಶಗಳಲ್ಲಿ ಸೀಸದ ಚರೆಯನ್ನು ನಿಷೇಧಿಸಿತು.

ಸೊರಬ ಕೆರೆಗಳ ತಾಲ್ಲೂಕು. ಗುಡವಿ ಪಕ್ಷಿಧಾಮಕ್ಕೆ ಬರುವ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳು ಮೇಯುವುದು ಪಕ್ಷಿಧಾಮದ ಬೇಲಿಯೊಳಗೆ ಮಾತ್ರವಲ್ಲ, ಸುತ್ತಲಿನ ಗದ್ದೆ, ಕೆರೆಗಳಲ್ಲೂ. ಕೆರೆ ಏರಿಯ ಮೇಲೆ ನಿಂತು ಹಕ್ಕಿಗೆ ಹೊಡೆಯುವುದು ಕಾನೂನಿಗೂ ವಿರುದ್ಧ, ನೀರಿಗೂ ವಿಷ.

ವಾಟ್ಸ್‌ಆ್ಯಪ್‌ನಲ್ಲಿ ‘ಕೋವಿ ಮಾರಾಟಕ್ಕಿದೆ’ ಎಂದರೆ?

ಬಂದೂಕು ಮೊಬೈಲಿನಂತೆ ಕೊರಿಯರ್‌ನಲ್ಲಿ ಬರುವ ಸಾಮಾನಲ್ಲ. ಮಾರುವ ಅಂಗಡಿಗೆ ಲೈಸೆನ್ಸ್ ಬೇಕು, ಕೊಳ್ಳುವವರಿಗೂ ಬೇಕು. ಲೈಸೆನ್ಸ್ ಇರುವ ಒಬ್ಬರು ತಮ್ಮ ಕೋವಿಯನ್ನು ಇನ್ನೊಬ್ಬರಿಗೆ ಮಾರುವುದಾದರೆ ಕನಿಷ್ಠ 45 ದಿನ ಮೊದಲು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಬರೆದು ತಿಳಿಸಬೇಕು. ಮಾರಿದ ಕೋವಿ ನಿಮ್ಮ ಲೈಸೆನ್ಸ್‌ನಲ್ಲಿ ದಾಖಲಾಗಬೇಕು. ‘ಮುಂಗಡ ಕಳಿಸಿ, ಪೇಪರ್ ಆಮೇಲೆ’ ಎಂದವರು ಒಂದೋ ಮೋಸಗಾರರು, ಇಲ್ಲವೇ ನಿಮ್ಮನ್ನು ಕೇಸಿನಲ್ಲಿ ಸಿಕ್ಕಿಸುವವರು. ದುಡ್ಡು ಕಳಿಸಿ ಮೋಸ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಬಿಲ್ಲೆ ಹೊಡೆಯುವ ಕ್ರೀಡೆಯ ಮೇಲೆ ನಿಜವಾಗಿ ಆಸೆ ಇದ್ದರೆ ಅದಕ್ಕೆ ದಾರಿ ಬೇರೆ. ಮೊದಲು ಮಾನ್ಯತೆ ಪಡೆದ ರೈಫಲ್ ಸಂಘದ ಸದಸ್ಯತ್ವ, ಆಮೇಲೆ ರೇಂಜ್‌ನಲ್ಲಿ ತರಬೇತಿ. ಸ್ವಂತ ಕೋವಿಯ ಮಾತು ಬರುವುದು ಆ ನಂತರ. ಲೈಸೆನ್ಸ್‌ಗೆ 21 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರು ನಿಯಮದಂತೆ ಮೇಲ್ವಿಚಾರಣೆಯಲ್ಲಿ ಮಾತ್ರ ಅಭ್ಯಾಸ ಮಾಡಬಹುದು. ಕಿವಿಗೆ ರಕ್ಷಣೆ ಇಲ್ಲದೆ ಹೊಡೆಯಬೇಡಿ. 140 ಡೆಸಿಬಲ್ ಮೀರಿದ ಸದ್ದು ಒಂದೇ ಸಲಕ್ಕೆ ಕಿವಿಗೆ ಹಾನಿ ಮಾಡಬಲ್ಲದು. ಕೋವಿಯ ಸದ್ದು ಅದನ್ನು ದಾಟುತ್ತದೆ.

ಒಟ್ಟಿನಲ್ಲಿ

ವಿಡಿಯೊದ ಪಾರಿವಾಳ ಹಕ್ಕಿಯಲ್ಲ, ಬಿಲ್ಲೆ. ಆ ಕ್ರೀಡೆಗೆ ಸೆಮಿ ಆಟೋಮ್ಯಾಟಿಕ್ ಬೇಕೇ ಬೇಕೆಂದಿಲ್ಲ. ಬೆಳೆ ರಕ್ಷಣೆಯ ಲೈಸೆನ್ಸ್‌ಗೆ ಅದು ಸಿಗುವುದಿಲ್ಲ. ಲೈಸೆನ್ಸ್ ಇರುವ ಕೋವಿಯೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹಂದಿ ಕೊಲ್ಲಲು ಪರವಾನಗಿ ಅಲ್ಲ.

ಹಂದಿ, ಮಂಗನಿಂದ ಆಗುವ ನಷ್ಟ ಸುಳ್ಳಲ್ಲ. ರಾತ್ರಿಯಿಡೀ ಅಟ್ಟಣೆಯಲ್ಲಿ ಕೂತು ಬೆಳೆ ಕಾಯುವವರ ಕಷ್ಟಕ್ಕೆ ಉತ್ತರ ಬೇಕೇ ಬೇಕು. ಅದನ್ನು ಕೇಳಬೇಕಾದ ಜಾಗ ಅರಣ್ಯ ಇಲಾಖೆಯ ವಲಯ ಕಚೇರಿ, ಗ್ರಾಮಸಭೆ. ಬೆಳೆ ಹಾನಿಯಾದರೆ ಫೋಟೊ ತೆಗೆದು, ಪಹಣಿ ಜೊತೆಗಿಟ್ಟು ಪರಿಹಾರಕ್ಕೆ ಅರ್ಜಿ ಕೊಡಿ. 11ನೇ ಕಲಂನ ಅನುಮತಿ ಬೇಕಿದ್ದರೆ ಊರವರು ಸೇರಿ ಬರೆದು ಕೇಳಿ. ಮುಂದಿನ ಸಲ ‘ಬೆಸ್ಟ್ ಗನ್’ ಎಂಬ ವಿಡಿಯೊ ಬಂದರೆ ಅದನ್ನು ನೋಡಿ ಬಿಡಿ. ಗ್ರೂಪ್‌ಗೆ ಕಳಿಸುವುದಿದ್ದರೆ ತೋಟಾದ ಅಳತೆ ನೋಡಿ ಎಂಬ ಮಾತನ್ನು ಕಳಿಸಿ. ಊರಿನಲ್ಲಿ ಕೋವಿ ಇರುವ ಮನೆಗಳಿಗೆ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.